‘ರೀ’ ಎಂದು ಶುರು ಮಾಡಿದ ಕಾಗದ

ಹಾಳೆಯ ಬಲಗಡೆ ಮೂಲೆಯಲ್ಲಿ ‘ಬರ್ನ್’ ಅಂತ ಬರೆದೆ. ಅದರ ಕೆಳಗೆ ತಾರೀಕು ಹಾಕಿದೆ. ಅಲ್ಲಿಗೆ ಪೆನ್ನು ನಿಂತಿತು. ಮುಂದಿನ ಸಾಲಿನಲ್ಲಿ ಏನಂತ ಬರೆಯಬೇಕು ಅಂತ ಗೊತ್ತಾಗಲಿಲ್ಲ. ನನಗೀಗ 69 ವರ್ಷ. ಮದುವೆಯಾಗಿ 46 ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯವರಿಗೆ ನಾನು ಒಂದೇ ಒಂದು ಕಾಗದ ಬರೆದಿರಲಿಲ್ಲ. ಬರೆಯುವ ಸಂದರ್ಭವೇ ಬಂದಿರಲಿಲ್ಲ. ಒಂದು ವಾರ, ಹತ್ತು ದಿನ ಒಬ್ಬರನ್ನೊಬ್ಬರು ಬಿಟ್ಟು ಇದ್ದಿದ್ದೇವೆ. ಅಷ್ಟಕ್ಕೆ ಯಾರು ಕಾಗದ ಬರೆಯುತ್ತಾರೆ? ಹೋದೆವು, ಬಂದೆವು, ಬಂದ ಮೇಲೆ ಹೇಳಿದೆವು. ಈ ಸಲ ಹಾಗಲ್ಲ. ಸ್ವಿಟ್ಜರ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇರಬೇಕು ಅಂತ ಒಬ್ಬಳೇ ವಿಮಾನ ಹತ್ತಿ ಬಂದಿದ್ದೇನೆ. ಅವರಿಗೆ ಮಂಡಿ ನೋವು, ಅಷ್ಟು ಹೊತ್ತು ಕೂತು ಬರಲು ಆಗುವುದಿಲ್ಲ. ‘ನೀನು ಹೋಗಿ ಬಾ, ನೋಡ್ಕೊಂಡು ಬಾ’ ಅಂದರು.

ನಾನು 31 ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು. ಪತ್ರಲೇಖನ ಅಂದರೆ ನನಗೆ ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯುವಷ್ಟು ಅಭ್ಯಾಸ. ತಂದೆಗಾದರೆ ‘ತೀರ್ಥರೂಪರವರಿಗೆ’, ತಾಯಿಗಾದರೆ ‘ಮಾತೃಶ್ರೀಯವರಿಗೆ’, ಚಿಕ್ಕವರಿಗೆ ‘ಚಿರಂಜೀವಿ’, ಗೆಳತಿಗೆ ‘ಪ್ರಿಯ’. ಆಮೇಲೆ ‘ಉಭಯ ಕುಶಲೋಪರಿ’. ಮಕ್ಕಳು ಇದನ್ನು ಅರ್ಥ ಗೊತ್ತಿಲ್ಲದೆಯೇ ಬಾಯಿಪಾಠ ಮಾಡುತ್ತಿದ್ದರು. ನಾನು ಪ್ರತಿ ವರ್ಷ ಅರ್ಥ ಬಿಡಿಸಿ ಹೇಳುತ್ತಿದ್ದೆ. ನಾವಿಬ್ಬರೂ ಚೆನ್ನಾಗಿದ್ದೇವೆ ಅಂದುಕೊಂಡು ಮುಂದಿನ ಮಾತಿಗೆ ಬರುವುದು, ಅಷ್ಟೇ ಕಣ್ರೋ ಅಂತ. ಆದರೆ ಆ ಪಟ್ಟಿಯಲ್ಲಿ ಗಂಡನಿಗೆ ಏನಂತ ಬರೆಯಬೇಕು ಅನ್ನುವುದು ಇರಲಿಲ್ಲ. ಯಾವ ಮಗುವೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅಷ್ಟೊಂದು ಮಕ್ಕಳಿಗೆ ಕಾಗದ ಬರೆಯಲು ಕಲಿಸಿದ ಕೈ ಆವತ್ತು ಅಡುಗೆಮನೆಯ ಮೇಜಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿತ್ತು.

‘ಪ್ರಿಯ’ ಅಂತ ಬರೆದು ನೋಡಿದೆ. ನನ್ನ ಬಾಯಿಂದ ಒಂದು ದಿನವೂ ಬರದ ಮಾತು. ಓದಿದರೆ ಬೇರೆ ಯಾರೋ ಬರೆದ ಹಾಗಿತ್ತು. ಹಾಳೆ ಬದಲಾಯಿಸಿದೆ. ಹೆಸರು ಬರೆಯೋಣ ಅಂದರೆ ಕೈ ಏಳಲಿಲ್ಲ. ಕೊನೆಗೆ ಮನೆಯಲ್ಲಿ ದಿನಕ್ಕೆ ಐವತ್ತು ಸಲ ಹೇಗೆ ಕರೆಯುತ್ತೇನೋ ಹಾಗೇ ಬರೆದೆ. ‘ರೀ,’ ಅಂತ. ಒಂದೇ ಅಕ್ಷರ, ಒಂದು ಅಲ್ಪವಿರಾಮ. ಅದನ್ನು ಬರೆದ ತಕ್ಷಣ ಪಕ್ಕದ ಕೋಣೆಯಲ್ಲಿ ಅವರು ಪೇಪರ್ ಮಡಿಸಿದ ಸದ್ದು ಕೇಳಿದಂತಾಯಿತು. ಆಮೇಲೆ ನಾಲ್ಕು ಪುಟ ಬರೆದೆ.

ಫೋನ್ ಇದೆಯಲ್ಲ

‘ಅಮ್ಮಾ, ದಿನಾ ವಿಡಿಯೋ ಕಾಲ್ ಮಾಡ್ತೀವಲ್ಲ, ಕಾಗದ ಯಾಕೆ?’ ಅಂತ ಮಗಳು ಕೇಳಿದಳು. ಕೇಳಬೇಕಾದ ಮಾತೇ. ಇಲ್ಲಿಗೂ ಮನೆಗೂ ಈಗ ಮೂರೂವರೆ ಗಂಟೆ ವ್ಯತ್ಯಾಸ. ಇಲ್ಲಿ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಅಲ್ಲಿ ಸಂಜೆಯ ದೀಪ ಹಾಕುವ ಸಮಯ. ಮಗ, ಸೊಸೆ, ಮೊಮ್ಮಗಳು ಮೂವರೂ ಪರದೆ ಮೇಲೆ ಬರುತ್ತಾರೆ. ‘ಬಿಪಿ ಮಾತ್ರೆ ತಗೊಂಡ್ಯಾ ಅಮ್ಮ?’ ‘ಸ್ವೆಟರ್ ಹಾಕ್ಕೊಂಡಿದ್ದೀರಾ ಅತ್ತೆ?’ ‘ಒಬ್ಬಳೇ ಹೊರಗೆ ಹೋಗಬೇಡ.’ ಎಲ್ಲ ಪ್ರೀತಿಯಿಂದಲೇ ಕೇಳುವುದು. ನಾನೂ ಹೌದು, ಹೌದು ಅನ್ನುತ್ತೇನೆ. ಫೋನ್ ಇಟ್ಟ ಮೇಲೆ ಮಾತ್ರ ಒಂದು ಕೊರತೆ ಉಳಿಯುತ್ತದೆ. ಅರ್ಧ ಗಂಟೆ ಮಾತಾಡಿದೆವು, ಆದರೆ ನಾನು ಏನು ನೋಡಿದೆ ಅನ್ನುವುದು ಎಲ್ಲೂ ಬರಲಿಲ್ಲ. ನಾನು ಹೇಗಿದ್ದೇನೆ ಅನ್ನುವುದಷ್ಟೇ ಬಂತು. ವಯಸ್ಸಾದ ಮೇಲೆ ಹೀಗಾಗುತ್ತದೆ ಅಂತ ಕಾಣುತ್ತದೆ. ಎಲ್ಲರೂ ನಮ್ಮ ಆರೋಗ್ಯ ವಿಚಾರಿಸುತ್ತಾರೆ. ನಮ್ಮ ಕಣ್ಣಿಗೆ ಏನು ಬಿತ್ತು, ಅದನ್ನು ನೋಡಿ ಏನನ್ನಿಸಿತು ಅಂತ ಕೇಳುವವರು ಕಡಿಮೆ. ಅವರದು ತಪ್ಪಲ್ಲ. ನಮ್ಮ ಬಗ್ಗೆ ಅವರಿಗಿರುವ ಭಯ ದೊಡ್ಡದು, ಮಾತು ಅದರ ಸುತ್ತಲೇ ತಿರುಗುತ್ತದೆ.

ನಮ್ಮ ಮನೆಯವರ ವಿಷಯ ಇನ್ನೂ ಬೇರೆ. ಅವರು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಆ ಸದ್ದಿನಲ್ಲಿ ದುಡಿದು ಕಿವಿ ಮಂದ ಆಗಿದೆ. ಹಿಯರಿಂಗ್ ಏಡ್ ಹಾಕುತ್ತಾರೆ, ಆದರೆ ಫೋನ್ ಹತ್ತಿರ ತಂದರೆ ಅದು ಕುಯ್ಯ್ ಅನ್ನುತ್ತದೆ. ಸೊಸೆ ಫೋನನ್ನು ಅವರ ಮುಖದ ಮುಂದೆ ಹಿಡಿಯುತ್ತಾಳೆ. ಅವರು ನನ್ನನ್ನು ನೋಡುತ್ತಾರೆ. ‘ಚೆನ್ನಾಗಿದ್ದೀಯಾ? ಚಳಿ ಜಾಸ್ತಿನಾ?’ ಅನ್ನುತ್ತಾರೆ. ನಾನು ಜೋರಾಗಿ ಏನೋ ಹೇಳುತ್ತೇನೆ. ಅವರಿಗೆ ಕೇಳಿಸಿರುವುದಿಲ್ಲ. ‘ಆಯ್ತು, ಆಯ್ತು’ ಅಂತ ತಲೆಯಾಡಿಸಿ ಫೋನ್ ವಾಪಸ್ ಕೊಡುತ್ತಾರೆ. ಅರ್ಧ ನಿಮಿಷವೂ ಆಗಿರುವುದಿಲ್ಲ. ಮನೆಯಲ್ಲಿದ್ದಾಗ ನಮ್ಮ ಮಾತು ಅಂದರೆ ಪೂರ್ತಿ ಬಾಯಿಂದ ಆಗುವುದಲ್ಲ. ಮುಖ ನೋಡಿ ಅರ್ಧ, ಕೈ ನೋಡಿ ಕಾಲು ಭಾಗ, ಉಳಿದದ್ದು ಅಭ್ಯಾಸದಿಂದ. ಅದು ಫೋನಿನಲ್ಲಿ ಹೋಗುವುದಿಲ್ಲ. ಎರಡು ವಾರ ಹೀಗೆ ನಡೆಯಿತು. ಒಂದು ರಾತ್ರಿ ಮಲಗಿದಾಗ, ಇಷ್ಟು ದಿನದಲ್ಲಿ ನಾನು ಅವರ ಹತ್ತಿರ ಒಂದು ಮಾತೂ ಆಡಿಲ್ಲ ಅನ್ನಿಸಿತು. ಮಾರನೇ ದಿನವೇ ಮಗಳ ಹತ್ತಿರ ಹಾಳೆ ಕೇಳಿದೆ.

ಮೊದಲ ಕಾಗದದಲ್ಲಿ ಊರಿನ ವಿಷಯ ಬರೆದೆ. ಬರ್ನ್ ಸ್ವಿಟ್ಜರ್ಲೆಂಡಿನ ರಾಜಧಾನಿ. 1848 ರಲ್ಲಿ ಆರಿಸಿದ್ದು. ಇಲ್ಲಿಯವರು ರಾಜಧಾನಿ ಅನ್ನುವ ಪದವನ್ನೇ ಬಳಸುವುದಿಲ್ಲ, ಒಕ್ಕೂಟದ ನಗರ ಅನ್ನುತ್ತಾರೆ. ರಾಜಧಾನಿ ಅಂದರೆ ನನ್ನ ತಲೆಯಲ್ಲಿ ಅಗಲದ ರಸ್ತೆ, ಗದ್ದಲ, ಪೊಲೀಸರ ಸಾಲು. ಇಲ್ಲಿ ಪಾರ್ಲಿಮೆಂಟಿನ ಎದುರಿನ ಅಂಗಳದಲ್ಲಿ ನೆಲದಿಂದಲೇ 26 ನೀರಿನ ಬುಗ್ಗೆಗಳು ಏಳುತ್ತವೆ, ಒಂದೊಂದು ರಾಜ್ಯಕ್ಕೆ ಒಂದೊಂದು. ಮಕ್ಕಳು ಅದರೊಳಗೆ ಓಡಿ ಒದ್ದೆಯಾಗುತ್ತವೆ. ಯಾರೂ ಗದರಿಸುವುದಿಲ್ಲ. ಮಂಗಳವಾರ, ಶನಿವಾರ ಅದೇ ಅಂಗಳದ ಸುತ್ತ ಸಂತೆ. ಹಳೇ ಊರಿನ ಮೂರು ಕಡೆ ಆರೆ ನದಿ ಬಳಸಿಕೊಂಡು ಹೋಗುತ್ತದೆ. ನೀರಿನ ಬಣ್ಣ ಹಸಿರು. ಹಾಲು ಬೆರೆಸಿದ ಹಸಿರು ಅಂದರೆ ಸರಿಯಾದೀತು. ಬೀದಿಗಳ ಎರಡೂ ಕಡೆ ಮನೆಗಳ ಕೆಳಗೆ ಕಮಾನಿನ ಜಗುಲಿ, ಎಲ್ಲ ಸೇರಿ ಸುಮಾರು 6 ಕಿಲೋಮೀಟರ್. ಮಳೆ ಬಂದರೂ ತಲೆ ನೆನೆಯದೆ ಊರು ಸುತ್ತಬಹುದು. ದಾರಿಯಲ್ಲಿ ಎದುರಾದವರು ‘ಗ್ರೂಯೆಸ್ಸೆಖ್’ ಅನ್ನುತ್ತಾರೆ. ನಮಸ್ಕಾರ ಅಂತ ಅರ್ಥ. ಅದನ್ನು ಹೇಳಲು ನನಗೆ ನಾಲ್ಕು ದಿನ ಬೇಕಾಯಿತು.

ಅದರಲ್ಲಿ ಗಡಿಯಾರದ ವಿಷಯವೂ ಬರೆದೆ, ಸ್ವಲ್ಪ ಉದ್ದಕ್ಕೇ. ಊರಿನ ನಡುವೆ ಸಿಟ್‌ಗ್ಲೊಗ್ಗೆ ಅಂತ ಒಂದು ಗೋಪುರ ಇದೆ. ಹಿಂದೆ ಅದು ಕೋಟೆ ಬಾಗಿಲು. ಗಂಟೆ ಹೊಡೆಯುವುದಕ್ಕೆ ಮೂರು ನಾಲ್ಕು ನಿಮಿಷ ಮುಂಚೆ ಅಲ್ಲೊಂದು ಕೋಳಿ ರೆಕ್ಕೆ ಬಡಿದು ಕೂಗುತ್ತದೆ. ಪುಟಾಣಿ ಕರಡಿಗಳು ಸಾಲಾಗಿ ತಿರುಗುತ್ತವೆ. ಮೇಲೆ ಕೂತ ವಿದೂಷಕ ಗಂಟೆಗಿಂತ ಮೊದಲೇ ತನ್ನ ಗಂಟೆ ಬಾರಿಸುತ್ತಾನೆ. ಗಡ್ಡದ ಮುದುಕ ಒಬ್ಬ ಕೈಯಲ್ಲಿನ ಮರಳು ಗಡಿಯಾರ ಮಗುಚುತ್ತಾನೆ. ಗೋಪುರದ ತುದಿಯಲ್ಲಿ ಚಿನ್ನದ ಬಣ್ಣದ ಆಳು ಸುತ್ತಿಗೆ ಎತ್ತಿ ದೊಡ್ಡ ಗಂಟೆ ಹೊಡೆಯುತ್ತಾನೆ. ಕೆಳಗೆ ಜನ ಕತ್ತೆತ್ತಿ ನಿಂತಿರುತ್ತಾರೆ. ನಾನೂ ನಿಂತಿದ್ದೆ. ಇದನ್ನು ಅವರು ನೋಡಬೇಕಿತ್ತು ಅನ್ನುವುದೊಂದೇ ನನ್ನ ತಲೆಯಲ್ಲಿ. ಯಾವ ಯಂತ್ರ ಕಂಡರೂ ಅದರ ಹಿಂಭಾಗ ಹೋಗಿ ನೋಡುವ ಮನುಷ್ಯ ಅವರು.

ಕೆಳಗಿನ ಬೀದಿ

ಎರಡನೇ ಕಾಗದದಲ್ಲಿ ಬರೆದದ್ದು ಬೇರೆ. ಅದನ್ನು ಇಲ್ಲಿ ಹೇಳಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಹೇಳದಿದ್ದರೆ ನಾನು ಹೇಳಹೊರಟದ್ದು ಪೂರ್ತಿ ಆಗುವುದಿಲ್ಲ.

ಸೆಪ್ಟೆಂಬರ್ ಕೊನೆಯ ವಾರ. ಮಗಳು, ಅಳಿಯ ಇಬ್ಬರೂ ಏಳೂವರೆಗೆ ಕೆಲಸಕ್ಕೆ ಹೊರಡುತ್ತಾರೆ. ನಾನು ಹತ್ತು ಗಂಟೆಗೆ ಟ್ರಾಮ್ ಹತ್ತಿ ಹಳೇ ಊರಿಗೆ ಹೋಗಿ, ಕಮಾನುಗಳ ಕೆಳಗೆ ನಡೆದು, ಹನ್ನೆರಡಕ್ಕೆ ವಾಪಸ್ ಬರುವುದು ರೂಢಿ. ಆವತ್ತು ಬೀದಿಯ ಕೊನೆಯವರೆಗೂ ಹೋದೆ. ಸೇತುವೆ ಹತ್ತಿರ ಒಂದು ಚರ್ಚ್, ಅದರ ಪಕ್ಕದಿಂದ ಕೆಳಗಿಳಿಯುವ ಮೆಟ್ಟಿಲು. ನದಿ ಹತ್ತಿರದಿಂದ ನೋಡೋಣ ಅಂತ ಇಳಿದೆ. ಕೆಳಗೆ ಮಾಟೆ ಅನ್ನುವ ಕೇರಿ. ಹಿಂದಿನ ಕಾಲದಲ್ಲಿ ದೋಣಿಯವರು, ಮೀನು ಹಿಡಿಯುವವರು, ಕೈಕಸುಬಿನವರು ಇದ್ದ ಜಾಗ. ಮೇಲಿನವರಿಗೆ ತಿಳಿಯದ ಹಾಗೆ ತಮ್ಮತಮ್ಮಲ್ಲೇ ಆಡುವ ಒಂದು ಗುಟ್ಟಿನ ಭಾಷೆಯೂ ಅವರಿಗಿತ್ತಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ಆವತ್ತು ಗೊತ್ತಿದ್ದದ್ದು ಇಷ್ಟೇ: ಮಳೆ ಶುರುವಾಯಿತು, ಇಲ್ಲಿ ಮೇಲಿನ ಹಾಗೆ ಎಲ್ಲ ಕಡೆ ಕಮಾನು ಇಲ್ಲ, ಬಂದ ಮೆಟ್ಟಿಲು ಎಲ್ಲಿ ಅಂತ ಕಾಣುತ್ತಿಲ್ಲ. ಫೋನ್ ತೆಗೆದೆ. ಅದು ಸತ್ತಿತ್ತು. ಹಿಂದಿನ ರಾತ್ರಿ ಚಾರ್ಜಿಗೆ ಹಾಕಿದ್ದೆ, ಸ್ವಿಚ್ ಒತ್ತಿರಲಿಲ್ಲವೋ ಏನೋ.

ನದಿಗೆ ಅಡ್ಡಲಾಗಿ ಅಲ್ಲೊಂದು ಒಡ್ಡು ಇದೆ. ನೀರು ಅದರ ಮೇಲಿಂದ ಬೀಳುವ ಸದ್ದು ಕಿವಿ ತುಂಬಿತ್ತು. ತಲೆ ಎತ್ತಿದರೆ ದೊಡ್ಡ ಚರ್ಚಿನ ಗೋಪುರ ಕಾಣುತ್ತದೆ. ನೂರು ಮೀಟರ್ ಎತ್ತರದ್ದು, ಈ ದೇಶದಲ್ಲೇ ಅತಿ ಎತ್ತರದ ಚರ್ಚ್ ಗೋಪುರ. ನಾನು ಹೋಗಬೇಕಾದದ್ದು ಅಲ್ಲಿಗೇ. ಆದರೆ ನನಗೂ ಅದಕ್ಕೂ ನಡುವೆ ಗೋಡೆಯಂಥ ದಡ. ಮೆಟ್ಟಿಲು ಸಿಕ್ಕರೂ ಹತ್ತುವ ಶಕ್ತಿ ಇರಲಿಲ್ಲ. ಉಸಿರು ಬಿಗಿಯಿತು. ಯಾರನ್ನಾದರೂ ಕೇಳೋಣ ಅಂದರೆ ಬಾಯಿಗೆ ಒಂದು ಪದ ಬರಲಿಲ್ಲ. ಇಂಗ್ಲಿಷೂ ಬರಲಿಲ್ಲ. ಕನ್ನಡದಲ್ಲೇ ‘ಅಯ್ಯೋ ದೇವರೇ’ ಅಂದೆ. ಒಂದು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆವತ್ತು ನನಗೆ ನಿಜವಾಗಿ ಭಯ ಆಯಿತು. ಬೀಳುತ್ತೇನೆ ಅಂತಲ್ಲ, ಸಾಯುತ್ತೇನೆ ಅಂತಲೂ ಅಲ್ಲ. ನಾನು ಇಲ್ಲಿದ್ದೇನೆ ಅನ್ನುವುದು ನನ್ನನ್ನು ಬಲ್ಲ ಒಬ್ಬರಿಗೂ ಗೊತ್ತಿಲ್ಲವಲ್ಲ, ಆ ಭಯ.

ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ಚಕ್ರದ ಚೀಲ ಎಳೆದುಕೊಂಡು ಬಂದರು. ನಿಂತರು. ಏನೋ ಕೇಳಿದರು. ನಾನು ಗೋಪುರದ ಕಡೆ ಕೈ ತೋರಿಸಿದೆ. ಅವರು ತಮ್ಮ ಛತ್ರಿಯನ್ನು ನನ್ನ ಮೇಲೆ ಹಿಡಿದು, ಇನ್ನೊಂದು ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡರು. ಚೀಲವನ್ನು ಅಲ್ಲೇ ಬಾಗಿಲ ಬಳಿ ಬಿಟ್ಟರು. ಇಬ್ಬರೂ ನಿಧಾನಕ್ಕೆ ನಡೆದೆವು. ಒಂದು ತಿರುವಿನಲ್ಲಿ ಪುಟ್ಟ ಲಿಫ್ಟ್. ದಡದ ಗೋಡೆಗೆ ಅಂಟಿಕೊಂಡು ನೇರ ಮೇಲಕ್ಕೆ, ಚರ್ಚಿನ ಅಂಗಳಕ್ಕೇ ಹೋಗುತ್ತದೆ. 1897 ರಿಂದ ಓಡುತ್ತಿರುವ ಲಿಫ್ಟ್ ಅಂತೆ ಅದು. ನಡೆಸಲು ಒಬ್ಬರು ಇರುತ್ತಾರೆ. ಆ ಹೆಂಗಸು ಅವರಿಗೆ ಏನೋ ಹೇಳಿ, ನನ್ನ ಕೈ ತಟ್ಟಿ, ಮಳೆಯಲ್ಲೇ ವಾಪಸ್ ಹೋದರು. ‘ಮೆರ್ಸಿ’ ಅಂದೆ. ಇಲ್ಲಿ ಥ್ಯಾಂಕ್ಸ್‌ಗೆ ಹಾಗನ್ನುತ್ತಾರೆ. ಅವರಿಗೆ ಕೇಳಿಸಿತೋ ಇಲ್ಲವೋ. ಮೇಲೆ ಚೆಸ್ಟ್‌ನಟ್ ಮರಗಳ ಕೆಳಗೆ ಬೆಂಚ್ ಇತ್ತು. ಒದ್ದೆ ಬೆಂಚಿನ ಮೇಲೇ ಕೂತೆ. ಕಾಲು ನಡುಗುವುದು ನಿಲ್ಲುವವರೆಗೂ ಕೂತಿದ್ದೆ.

ಸಂಜೆ ಮಗಳು ‘ಎಲ್ಲಿ ಹೋಗಿದ್ದೆ ಅಮ್ಮ?’ ಅಂದಳು. ‘ಸುಮ್ನೆ, ಚರ್ಚಿನ ತನಕ’ ಅಂದೆ. ಫೋನಿನಲ್ಲಿ ಮಗ ಕೇಳಿದ. ಅವನಿಗೂ ಅದೇ ಹೇಳಿದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಹೇಳಿದ್ದರೆ ಆ ಕ್ಷಣವೇ ನಾಲ್ಕು ಜನ ಗಾಬರಿ ಆಗುತ್ತಿದ್ದರು. ನಾಳೆಯಿಂದ ಹೊರಗೆ ಹೋಗುವುದು ಬೇಡ ಅನ್ನುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ದೀಪ ಹಾಕಿಕೊಂಡು ‘ರೀ,’ ಅಂತ ಬರೆದೆ. ನಡೆದದ್ದನ್ನೆಲ್ಲ ಬರೆದೆ. ಛತ್ರಿ, ಲಿಫ್ಟ್, ಬೆಂಚು, ಎಲ್ಲ. ಕಾಗದ ಮನೆ ಮುಟ್ಟಲು ಹತ್ತು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಇದು ಹಳೆಯದಾಗಿರುತ್ತದೆ. ನಾನು ಮತ್ತೆ ನಾಲ್ಕು ಸಲ ಅದೇ ಬೀದಿಯಲ್ಲಿ ಓಡಾಡಿರುತ್ತೇನೆ. ಅವರು ಓದುವಾಗ ನಾನು ಚೆನ್ನಾಗಿದ್ದೇನೆ ಅನ್ನುವುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಹಿಂದಿನವರು ದೂರದ ಊರಿಂದ ಕಾಯಿಲೆ ವಿಷಯ ಬರೆಯುವಾಗ ‘ಈಗ ವಾಸಿಯಾಗಿದೆ, ಯೋಚನೆ ಬೇಡ’ ಅಂತ ಸೇರಿಸುತ್ತಿದ್ದರು. ಅದು ಬರೀ ಸಮಾಧಾನದ ಮಾತು ಅಂದುಕೊಂಡಿದ್ದೆ. ಆ ತಡದಲ್ಲಿ ಎಷ್ಟು ಕರುಣೆ ಇತ್ತು ಅಂತ ಈಗ ಗೊತ್ತಾಯಿತು.

ಕೊನೆಗೆ ಒಂದು ಸಾಲು ಬರೆದೆ. ‘ಆ ಹೊತ್ತಿನಲ್ಲಿ ನೀವು ಜೊತೆಗಿದ್ದಿದ್ದರೆ ಅನ್ನಿಸಿತು.’ ಬರೆದು ನೋಡಿದೆ. 46 ವರ್ಷದಲ್ಲಿ ಇಂಥ ಮಾತು ಅವರಿಗೆ ಹೇಳಿದವಳಲ್ಲ ನಾನು. ಹೇಳಬೇಕಾಗಿ ಬಂದಿರಲೂ ಇಲ್ಲ, ಯಾವಾಗಲೂ ಜೊತೆಗೇ ಇರುತ್ತಿದ್ದರು. ಹೊಡೆದುಹಾಕೋಣ ಅಂತ ಪೆನ್ನು ಇಟ್ಟೆ. ಆಮೇಲೆ ಎತ್ತಿದೆ. ಆ ಸಾಲಿನ ಮೊದಲಲ್ಲಿ ಒಂದು ಶಾಯಿ ಚುಕ್ಕೆ ಉಳಿಯಿತು. ಹಾಗೇ ಮಡಿಸಿ ಕವರಿಗೆ ಹಾಕಿದೆ.

ಉತ್ತರ ಬಂದೇ ಬರುತ್ತದೆ ಅನ್ನುವ ಲೆಕ್ಕ

ಇಲ್ಲಿಯ ಅಂಚೆ ಡಬ್ಬಿ ಹಳದಿ. ಸ್ಟಾಂಪಿನ ಮೇಲೆ ಸ್ವಿಟ್ಜರ್ಲೆಂಡ್ ಅಂತ ಇರುವುದಿಲ್ಲ, ‘ಹೆಲ್ವೇಷಿಯಾ’ ಅಂತ ಇರುತ್ತದೆ. ಈ ದೇಶಕ್ಕೆ ನಾಲ್ಕು ಭಾಷೆ. ಯಾವ ಭಾಷೆಯ ಹೆಸರು ಹಾಕಿದರೂ ಉಳಿದ ಮೂವರಿಗೆ ಬೇಸರ. ಅದಕ್ಕೆ ಲ್ಯಾಟಿನ್ ಹೆಸರು. ಭಾಷೆ ಕಲಿಸಿದವಳಿಗೆ ಇದು ಬಹಳ ಇಷ್ಟವಾಯಿತು. ಎರಡನೇ ಕಾಗದ ಡಬ್ಬಿಗೆ ಹಾಕಿದ ಭಾನುವಾರ ಮಗಳು ‘ನಿನಗೆ ಒಂದು ಜಾಗ ತೋರಿಸ್ಬೇಕು’ ಅಂತ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಪಾರ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ದೊಡ್ಡ ಶಿಲ್ಪ ಇದೆ. ಮೋಡದ ಮೇಲೆ ಭೂಗೋಳ. ಅದರ ಸುತ್ತ ಐದು ಹೆಂಗಸರು ಗಾಳಿಯಲ್ಲಿ ತೇಲುತ್ತಿದ್ದಾರೆ. ಐದು ಖಂಡಗಳು ಅವರು. ಕೈಯಿಂದ ಕೈಗೆ ಕಾಗದ ದಾಟಿಸುತ್ತಿದ್ದಾರೆ. ಕೆಳಗೆ ಒಬ್ಬಳು ಕೂತಿದ್ದಾಳೆ, ಅವಳು ಬರ್ನ್ ನಗರ. 1909 ರಲ್ಲಿ ನಿಲ್ಲಿಸಿದ್ದು. ಈ ಊರಿಗೂ ಅಂಚೆಗೂ ಏನು ಸಂಬಂಧ ಅಂತ ನನಗೆ ಗೊತ್ತಿರಲಿಲ್ಲ. ಆವತ್ತು ರಾತ್ರಿ ಮಗಳು ಓದಿ ಹೇಳಿದಳು, ಆಮೇಲೆ ನಾನೇ ಕೂತು ಓದಿದೆ.

ಒಂದು ಕಾಲದಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಕಾಗದ ಹೋಗಬೇಕಾದರೆ ಆ ಎರಡು ದೇಶಗಳ ನಡುವೆ ಬೇರೆ ಒಪ್ಪಂದವೇ ಆಗಬೇಕಿತ್ತು. ಯಾವ ದಾರಿಯಲ್ಲಿ ಹೋಗುತ್ತದೆ, ಎಷ್ಟು ಗಡಿ ದಾಟುತ್ತದೆ ಅನ್ನುವುದರ ಮೇಲೆ ದರ. ಅದರ ಹಂಚಿಕೆಯ ಲೆಕ್ಕ ಬರೆಯುವುದೇ ದೊಡ್ಡ ಕೆಲಸ. ಜರ್ಮನಿಯ ಅಂಚೆಯ ಮುಖ್ಯಸ್ಥ ಹೈನ್ರಿಖ್ ಫಾನ್ ಸ್ಟೆಫಾನ್ ಈ ಗೋಜಲು ಬೇಡ, ಎಲ್ಲ ದೇಶ ಸೇರಿ ಒಂದೇ ಅಂಚೆಯ ನೆಲ ಅಂತ ಮಾಡೋಣ ಅಂತ ಓಡಾಡಿದರು. 1874 ರ ಅಕ್ಟೋಬರ್ 9 ರಂದು 22 ದೇಶಗಳು ಇದೇ ಬರ್ನ್‌ನಲ್ಲಿ ಸಹಿ ಹಾಕಿದವು. ಹಾಗೆ ಹುಟ್ಟಿದ ಅಂಚೆ ಒಕ್ಕೂಟಕ್ಕೆ ಭಾರತ 1876 ರಲ್ಲಿ ಸೇರಿತು. ಈಗ 192 ದೇಶಗಳಿವೆ. ಆ ಒಕ್ಕೂಟದ ಕಚೇರಿ ಇವತ್ತಿಗೂ ಈ ಊರಿನಲ್ಲೇ ಇದೆ. ನಾನು ಹಚ್ಚಿದ ಒಂದು ಸ್ಟಾಂಪನ್ನು ನೋಡಿ ನಮ್ಮ ಕಡೆಯ ಪೋಸ್ಟ್‌ಮ್ಯಾನ್ ಕಾಗದವನ್ನು ಮನೆ ಬಾಗಿಲಿಗೆ ತಂದುಕೊಡುವುದಕ್ಕೆ ಕಾರಣ ಆವತ್ತಿನ ಆ ಸಹಿ.

ಓದುತ್ತಾ ಒಂದು ಕಡೆ ನಿಂತೆ. ಕಾಗದ ಹಾಕಿದ ದೇಶಕ್ಕೆ ಸ್ಟಾಂಪಿನ ದುಡ್ಡು ಸಿಗುತ್ತದೆ. ಹಾಗಾದರೆ ಅದನ್ನು ಮನೆ ಮುಟ್ಟಿಸುವ ದೇಶಕ್ಕೆ ಏನು ಸಿಗುತ್ತದೆ? ಆಗಿನ ಒಪ್ಪಂದದ ಪ್ರಕಾರ ಏನೂ ಇಲ್ಲ. ಸ್ಟಾಂಪಿನ ದುಡ್ಡು ಪೂರ್ತಿ ಹಾಕಿದ ದೇಶಕ್ಕೇ. ಯಾಕೆಂದರೆ ಅವರ ಎಣಿಕೆ ಹೀಗಿತ್ತು: ಒಂದು ಕಾಗದ ಹೋದರೆ ಅದಕ್ಕೊಂದು ಉತ್ತರ ಬರುತ್ತದೆ. ಉತ್ತರ ಹಾಕುವಾಗ ಆ ದೇಶಕ್ಕೆ ಅದರ ದುಡ್ಡು ಬರುತ್ತದೆ. ಅಲ್ಲಿಗೆ ಸರಿಹೋಯಿತು, ಲೆಕ್ಕ ಇಡುವುದೇ ಬೇಡ. ಈ ನಂಬಿಕೆಯ ಮೇಲೆ 90 ವರ್ಷಕ್ಕಿಂತ ಜಾಸ್ತಿ ಕಾಲ ಪ್ರಪಂಚದ ಅಂಚೆ ನಡೆಯಿತು. ಕೆಲವು ದೇಶಗಳಿಗೆ ಬರುವ ಅಂಚೆಯೇ ಹೆಚ್ಚಾಗಿ, ಹೋಗುವುದು ಕಡಿಮೆಯಾಗಿ, ಅವುಗಳ ಮೇಲೆ ಹೊರೆ ಬಿತ್ತು. 1969 ರಲ್ಲಿ ಟೋಕಿಯೋದಲ್ಲಿ ಸೇರಿ, ಜಾಸ್ತಿ ಅಂಚೆ ಬರುವ ದೇಶಕ್ಕೆ ದುಡ್ಡು ಕೊಡಬೇಕು ಅಂತ ನಿಯಮ ತಂದರು. ಅದೂ ನ್ಯಾಯವೇ. ಆದರೂ ಮೊದಲನೇ ಎಣಿಕೆಯನ್ನು ನಾನು ತುಂಬ ಹೊತ್ತು ಯೋಚಿಸಿದೆ. ಕೋಟು ಹಾಕಿಕೊಂಡ, ಲೆಕ್ಕಪತ್ರದಲ್ಲಿ ಪಳಗಿದ ಅಧಿಕಾರಿಗಳು ಮೇಜಿನ ಸುತ್ತ ಕೂತು, ಬರೆದವರಿಗೆ ಉತ್ತರ ಬಂದೇ ಬರುತ್ತದೆ ಅಂತ ನಂಬಿ ಸಹಿ ಹಾಕಿದರಲ್ಲ.

ನನಗೆ ಆ ನಂಬಿಕೆ ಇರಲಿಲ್ಲ. ನಮ್ಮ ಮನೆಯವರು ಬರೆಯುವವರಲ್ಲ. ಲಗ್ನಪತ್ರಿಕೆಯ ಮೇಲೆ ವಿಳಾಸ ಬರೆಯುವುದಿದ್ದರೂ ನನ್ನ ಕೈಗೆ ಕೊಡುವವರು. ಮೊದಲ ಕಾಗದ ತಲುಪಿದ್ದು ಸೊಸೆಯ ಫೋನಿನಿಂದ ಗೊತ್ತಾಯಿತು. ‘ಅತ್ತೆ, ನಿಮ್ಮ ಕಾಗದ ಬಂತು, ಮಾವ ಓದ್ತಾ ಇದ್ದಾರೆ’ ಅಂದಳು. ಪರದೆಯ ಹಿಂದೆ ಕುರ್ಚಿಯಲ್ಲಿ ಅವರು ಕಂಡರು. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಫೋನಿನ ಕಡೆ ತಿರುಗಲೂ ಇಲ್ಲ. ಅದೇ ನನಗೆ ಸಾಕಾಗಿತ್ತು. ಉತ್ತರ ಅಂತ ಬೇರೆ ಕಾಯಲಿಲ್ಲ.

ಗಡಿಯಾರಕ್ಕೆ ಕೀ

ಅಕ್ಟೋಬರ್ ಕೊನೆಯಲ್ಲಿ ಒಂದು ಸಂಜೆ ಮಗಳು ಕೆಳಗಿನ ಟಪಾಲು ಪೆಟ್ಟಿಗೆಯಿಂದ ಒಂದು ಕವರ್ ತಂದು ನನ್ನ ಮುಂದೆ ಇಟ್ಟಳು. ವಿಳಾಸ ಮಗನ ಕೈಬರಹ. ಒಳಗಿನ ಹಾಳೆ ಮಾತ್ರ ಅವರದು. ಹಳೇ ಡೈರಿಯಿಂದ ಕಿತ್ತದ್ದು. ಮೇಲೆ ಇನ್ಯಾವುದೋ ವರ್ಷದ ತಾರೀಕು ಅಚ್ಚಾಗಿದೆ. ‘ರೀ’ ಅಂತ ಬರೆದವಳಿಗೆ ಏನಂತ ಕರೆದು ಶುರು ಮಾಡಿದ್ದಾರೆ ಅಂತ ನೋಡಿದೆ. ಏನೂ ಇರಲಿಲ್ಲ. ‘ಎರಡು ಕಾಗದವೂ ತಲುಪಿತು’ ಅಂತ ನೇರ ವಿಷಯಕ್ಕೇ ಬಂದಿದ್ದರು. ಹಿತ್ತಲ ನಲ್ಲಿ ಸೋರುತ್ತಿತ್ತು, ವಾಷರ್ ಹಾಕಿದೆ. ಕರೆಂಟ್ ಬಿಲ್ ಕಟ್ಟಿದೆ. ಮಂಡಿ ನೋವು ಸ್ವಲ್ಪ ವಾಸಿ. ಒಂದೊಂದೇ ಸಾಲು, ಪ್ರತಿ ಸಾಲಿನ ಕೊನೆಗೂ ಗಟ್ಟಿಯಾಗಿ ಒತ್ತಿದ ಚುಕ್ಕೆ.

ಆಮೇಲೆ ಹೀಗಿತ್ತು. ‘ಮಗುವಿಗೆ ನಿನ್ನ ಕೂಡಿಸಿ ಬರೆದ ಅಕ್ಷರ ಓದಲು ಆಗಲಿಲ್ಲ. ನಾನೇ ಎಲ್ಲರಿಗೂ ಓದಿ ಹೇಳಿದೆ. ಆ ಕೆಳಗಿನ ಬೀದಿಯ ವಿಷಯ ಬಿಟ್ಟು ಓದಿದೆ. ಅವರು ಸುಮ್ಮನೆ ಗಾಬರಿ ಆಗುತ್ತಾರೆ. ಆ ಹಾಳೆ ನನ್ನ ಹತ್ತಿರ ಇದೆ. ಇನ್ನು ಮೇಲೆ ಛತ್ರಿ ತೆಗೆದುಕೊಂಡು ಹೋಗು.’

ಇದನ್ನು ನಾನು ಎಷ್ಟು ಸಲ ಓದಿದೆನೋ. ನನ್ನ ಕೊನೆಯ ಸಾಲಿಗೆ ಅವರು ಉತ್ತರ ಬರೆದಿರಲಿಲ್ಲ. ಬರೆಯುವವರೂ ಅಲ್ಲ. ಆದರೆ ನಾಲ್ಕು ಜನರ ಮುಂದೆ ಕೂತು ಓದುವಾಗ, ಆ ಹಾಳೆ ಬಂದಾಗ, ಕಣ್ಣು ಎತ್ತದೆ ಮುಂದಿನದಕ್ಕೆ ಹೋದರಲ್ಲ. ಅದನ್ನು ತೆಗೆದು ಬೇರೆ ಇಟ್ಟರಲ್ಲ. ಎಲ್ಲಿಟ್ಟಿರುತ್ತಾರೆ ಅಂತಲೂ ನನಗೆ ಗೊತ್ತು. ಬೀರುವಿನಲ್ಲಿ ಅವರ ಪೆನ್ಷನ್ ಕಾಗದಗಳ ಫೈಲಿನ ಹಿಂದೆ.

ಹಾಳೆಯ ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದರು. ‘ಆ ಗಡಿಯಾರಕ್ಕೆ ಕೀ ಕೊಡುವವರು ಯಾರು? ಎಷ್ಟು ದಿನಕ್ಕೊಮ್ಮೆ? ಕೋಳಿ ಕೂಗುವುದು ಹೇಗೆ? ವಿಚಾರಿಸಿ ಬರೆ.’

ಮರುದಿನವೇ ಮಗಳಿಗೆ ಹೇಳಿ ಗೋಪುರದ ಒಳಗೆ ಹೋಗಲು ಟಿಕೆಟ್ ತೆಗೆಸಿದೆ. ಒಳಗೆ ಮೆಟ್ಟಿಲು ಕಡಿದು, ಇಕ್ಕಟ್ಟು. ಮಗಳು ಹಿಂದೆ, ನಾನು ಮುಂದೆ, ನಿಂತು ನಿಂತು ಹತ್ತಿದೆವು. ಯಂತ್ರ ನನ್ನ ಎತ್ತರಕ್ಕಿಂತ ದೊಡ್ಡದು. ಕಮ್ಮಾರರು ಬಡಿದು ಮಾಡಿದ ಕಬ್ಬಿಣದ ಚೌಕಟ್ಟು, ಹಲ್ಲಿನ ಚಕ್ರಗಳು. ಕಾಸ್ಪರ್ ಬ್ರುನ್ನರ್ ಅನ್ನುವವರು 1530 ರಲ್ಲಿ ಮುಗಿಸಿದ್ದು. ಟಕ್, ಟಕ್ ಅಂತ ನೆಲವೇ ಮಿಡಿದ ಹಾಗೆ ಸದ್ದು. ಗಂಟೆಗೆ ಇನ್ನೂ ನಾಲ್ಕು ನಿಮಿಷ ಇರುವಾಗ ತಂತಿಗಳು ಎಳೆದವು, ಒಂದು ಸನ್ನೆಕೋಲು ಎದ್ದಿತು, ಕಮ್ಮಾರನ ಕುಲುಮೆಯಲ್ಲಿ ಇರುವಂಥದೇ ಪುಟ್ಟ ತಿದಿ ಒತ್ತಿಕೊಂಡಿತು. ಹೊರಗೆ ಕೋಳಿ ಕೂಗಿತು. ಕೆಳಗೆ ನಿಂತ ಜನ ‘ಆ’ ಅಂದದ್ದು ಗೋಡೆಯ ಆಚೆಯಿಂದ ಕೇಳಿಸಿತು. ನಾನು ಹಿಂಭಾಗದಲ್ಲಿ ನಿಂತಿದ್ದೆ. ಅವರಾಗಿದ್ದರೆ ಎಲ್ಲಿ ನಿಲ್ಲುತ್ತಿದ್ದರೋ ಅಲ್ಲಿ.

ಆವತ್ತು ರಾತ್ರಿ ಮೂರನೇ ಕಾಗದ ಬರೆದೆ. ‘ರೀ, ಕೀ ಕೊಡುವುದಕ್ಕೆ ಅಂತಲೇ ಒಬ್ಬರು ಇದ್ದಾರೆ. ಪ್ರತಿದಿನ ಕೊಡಬೇಕು, ಈಗಲೂ ಕೈಯಿಂದಲೇ. ಹಗ್ಗಕ್ಕೆ ಭಾರ ಕಟ್ಟಿದ್ದಾರೆ, ಅದನ್ನು ಸುತ್ತಿ ಮೇಲೆತ್ತುತ್ತಾರೆ. ಕೋಳಿ ಕೂಗುವುದು ತಿದಿಯಿಂದ. ಒಟ್ಟು ಮೂರು ಸಲ ಕೂಗುತ್ತದೆ. ಗಂಟೆ ಹೊಡೆಯುವುದಕ್ಕೆ ಮುಂಚೆ ಎರಡು ಸಲ, ಹೊಡೆದ ಮೇಲೆ ಒಂದು ಸಲ. ಮೊನ್ನೆ ಒಂದೇ ಸಲ ಅಂತ ಬರೆದಿದ್ದೆ, ಅದು ತಪ್ಪು.’ ತಿದಿಯ ಚಿತ್ರ ಬರೆದೆ. ಚಕ್ರಕ್ಕೆ ಎಷ್ಟು ಹಲ್ಲು ಅಂತ ಅವರು ಕೇಳೇ ಕೇಳುತ್ತಾರೆ. ಎಣಿಸಲು ಹೋಗಿ ನಡುವೆ ತಪ್ಪಿತು, ಅದನ್ನೂ ಬರೆದೆ.

ಹಾಳೆಯಲ್ಲಿ ಎರಡು ಬೆರಳಷ್ಟು ಜಾಗ ಉಳಿದಿತ್ತು. ನಮ್ಮ ನಡುಮನೆಯಲ್ಲಿ ಗೋಡೆ ಗಡಿಯಾರ ಒಂದಿದೆ. ಪ್ರತಿ ಭಾನುವಾರ ಸ್ಟೂಲ್ ಹಾಕಿಕೊಂಡು ಅವರೇ ಕೀ ಕೊಡುವುದು, ನಾನು ಸ್ಟೂಲ್ ಹಿಡಿದುಕೊಳ್ಳುವುದು. ಆ ಜಾಗದಲ್ಲಿ ಬರೆದೆ: ‘ನಾನು ಇಲ್ಲಿಗೆ ಬಂದ ಮೇಲೆ ಭಾನುವಾರ ಸ್ಟೂಲ್ ಹಿಡಿಯುವವರು ಯಾರು? ತಪ್ಪದೆ ಬರೆಯಿರಿ.’